ಬೇಡಿಕೊಳ್ಳದ ಒಂದು ಕಾಗದ

ಟೈಪಿಂಗ್ ಅಕ್ಕಾರ ಮೂಗಿನ ಮೇಲೆ, ಕನ್ನಡಕ ಕೂರುವ ಜಾಗದಲ್ಲಿ, ಯಾವಾಗಲೂ ನೀಲಿ ಮಸಿ ಇರುತ್ತಿತ್ತು. ಕಾರ್ಬನ್ ಹಾಳೆ ಮುಟ್ಟಿದ ಬೆರಳಿನಿಂದಲೇ ಕನ್ನಡಕ ಮೇಲಕ್ಕೆ ತಳ್ಳುವ ಚಾಳಿ ಅವರದು. ನನ್ನ ಗಿರಣಿಗೆ ಬರುವ ಹೆಂಗಸರು ಅದನ್ನು ಹಚ್ಚೆ ಅಂದುಕೊಂಡಿದ್ದರು. "ಮೂಗಿನ ಮ್ಯಾಲೆ ಯಾರರ ಹಚ್ಚಿ ಹಾಕಿಸ್ಕೋತಾರೇನವ್ವಾ" ಅಂತ ಒಬ್ಬಾಕೆ ಹಿಟ್ಟಿನ ಡಬ್ಬಿ ಹೊತ್ತುಕೊಂಡೇ ನಗಾಡಿದ್ದಳು.

ಕೊಟ್ಟೂರಿನಲ್ಲಿ ನನ್ನ ಗಿರಣಿ ಇದ್ದ ಓಣಿಯಲ್ಲೇ, ಎದುರು ಸಾಲಿಗೆ, ಅವರ ಅಣ್ಣನ ಬಟ್ಟೆ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಅಕ್ಕಾರ ಟೈಪಿಂಗ್ ಕ್ಲಾಸು. ಮದುವೆ ಆಗಿರಲಿಲ್ಲ. ಕಲಿಸುವುದು, ಉಣ್ಣುವುದು, ಮಲಗುವುದು ಎಲ್ಲ ಅಲ್ಲೇ. ಮೆಟ್ಟಿಲು ಕಡಿದಾದದ್ದು, ಮಂಡಿ ನೋವು ಬೇರೆ, ಕೆಳಗೆ ಇಳಿಯುತ್ತಿದ್ದದ್ದು ಅಪರೂಪ. ಕಲಿಯಲು ಬರುವ ಹುಡುಗಿಯರು ರಸ್ತೆ ನೋಡಬಾರದೆಂದು ಅಣ್ಣ ಮಷಿನುಗಳನ್ನೆಲ್ಲ ಗೋಡೆಗೆ ಮುಖ ಮಾಡಿ ಇಡಿಸಿದ್ದ. ಕಿಟಕಿ ಸಿಕ್ಕಿದ್ದು ಅಕ್ಕಾರ ಕುರ್ಚಿಗೊಂದೇ. ಅದಕ್ಕೂ ಕಬ್ಬಿಣದ ಸರಳು.

ಊರಿಗೆಲ್ಲ ಇಂಗ್ಲಿಷ್ ಅರ್ಜಿ ಹೊಡೆದುಕೊಡುವವರು ಅವರೇ. ಮಂದಿ ಮೆಟ್ಟಿಲ ಮೇಲೇ ಕೂತು ಕೇಳುವ ಪ್ರಶ್ನೆ ಒಂದೇ ಎರಡೇ? ಸಣ್ಣ ಸಾಹೇಬರಿಗೆ 'ಡಿಯರ್' ಸಾಕೋ, ದೊಡ್ಡವರಿಗೆ 'ರೆಸ್ಪೆಕ್ಟೆಡ್' ಬೇಕೋ? 'ಸರ್' ಒಂದು ಸಲ ಹಾಕಬೇಕೋ, ಸಾಲಿಗೊಂದು ಹಾಕಬೇಕೋ? ಕೆಲಸ ಆಗುವ ಮೊದಲೇ 'ಥ್ಯಾಂಕಿಂಗ್ ಯೂ' ಯಾಕೆ? ಹಾಳೆ ತುಂಬದಿದ್ದರೆ ಕೆಲವರು ಮುಖ ಸಿಂಡರಿಸುತ್ತಿದ್ದರು. "ಇನ್ನೊಂದೀಟು ಇಂಗ್ಲಿಷ್ ಹಾಕ್ರಿ ಮೇಡಂ" ಅಂತ ಒಬ್ಬ ಶೇಂಗಾ ವ್ಯಾಪಾರಿ, ಸಾರಿಗೆ ಉಪ್ಪು ಹಾಕಿಸಿಕೊಂಡಂಗೆ, ಹಾಕಿಸಿಕೊಂಡು ಹೋಗಿದ್ದ.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ತೀರಿಕೊಂಡ ವರ್ಷ ಗಿರಣಿಗೆ ನಿಂತವನು, ಮತ್ತೆ ಶಾಲೆಯ ಕಡೆ ತಿರುಗಿ ನೋಡಲಿಲ್ಲ. ಆದರೆ ಯಾರ ಮುಂದೆಯೂ ಕೈಚಾಚಿದವನಲ್ಲ. ಹಳೆಯ ಎಂಜಿನು ತೆಗೆದು ಹೊಸ ಮೋಟಾರು ಕೂರಿಸಿದ್ದೂ ನನ್ನ ದುಡಿಮೆಯಿಂದಲೇ.

ಆ ಮೋಟಾರು ಗ್ಯಾರಂಟಿ ಮುಗಿಯುವ ಮೊದಲೇ ಸುಟ್ಟಿತು. ಹೊಸಪೇಟೆಯಲ್ಲಿ ಮಾರಿದವನು ಕೈತೊಳೆದುಕೊಂಡ. "ನಮ್ಮ ಕೈಯಾಗ ಏನಿಲ್ರಿ. ತಮಿಳುನಾಡಿನ ಹೆಡ್ಡಾಫೀಸಿಗೆ ಇಂಗ್ಲಿಷಿನ್ಯಾಗ ಬರೀರಿ. ನೀವ ಬಿಚ್ಚಿದ್ರೋ, ಗ್ಯಾರಂಟಿ ಹೋತು." ನಟ್ಟು ಬೋಲ್ಟು ನನಗೆ ಗೊತ್ತಿದ್ದ ವಿದ್ಯೆ. ಅದನ್ನೂ ಮುಟ್ಟುವ ಹಾಗಿಲ್ಲ. ಗಿರಣಿ ಬಾಗಿಲು ತೆಗೆದು ಸುಮ್ಮನೆ ಕೂರುತ್ತಿದ್ದೆ. ನಮ್ಮ ಓಣಿಯ ಹೆಂಗಸರು ನನ್ನ ಮುಂದೆಯೇ ಡಬ್ಬಿ ಹೊತ್ತು ಬಸ್ ಸ್ಟ್ಯಾಂಡ್ ಕಡೆಯ ಗಿರಣಿಗೆ ಹೋಗುತ್ತಿದ್ದರು. ಹೋದ ಗಿರಾಕಿ ಅಲ್ಲೇ ರೂಢಿಯಾದರೆ ನನ್ನ ಕಥೆ ಮುಗಿದಂತೆಯೇ.

ಅಕ್ಕಾರ ಕೈಲಿ ಎರಡು ಕಾಗದ ಹೊಡೆಸಿ ಕಳಿಸಿದೆ. ಎರಡಕ್ಕೂ ಒಂದೇ ಉತ್ತರ: ತಮ್ಮ ಪತ್ರ ನಮ್ಮ ಗಮನದಲ್ಲಿದೆ. ಮೊದಲ ಸಲ ಅದನ್ನು ಓಣಿಯಲ್ಲೆಲ್ಲ ತೋರಿಸಿ ಬಂದಿದ್ದೆ. ಎರಡನೆಯದನ್ನು ಯಾರಿಗೂ ತೋರಿಸಲಿಲ್ಲ.

ಮೂರನೆಯದು ಹೊಡೆದು ಸಹಿಗೆ ಕೊಟ್ಟಾಗ ನಾನು ಪೆನ್ನು ಹಿಡಿಯಲಿಲ್ಲ.

"ಅಕ್ಕಾರ, ಇದರಾಗ ಏನೈತಿ, ಕನ್ನಡದಾಗ ಹೇಳ್ರಿ."

"ಯಾಕ್ರೀ ಅಣ್ಣಾರ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"

"ನಂಬಿಕಿ ಐತ್ರಿ. ಸಹಿ ನಂದಲ್ಲೇನು?"

ಅವರು ಬೆರಳಿಟ್ಟು ಓದಿದರು. "ಗೌರವಾನ್ವಿತರಾದ ತಮ್ಮಲ್ಲಿ, ಬಡವನಾದ ನಾನು, ಅತ್ಯಂತ ವಿನಯದಿಂದ ಬೇಡಿಕೊಳ್ಳುವುದೇನೆಂದರೆ..."

"ತಡೀರಿ. ಬೇಡಿಕೊಳ್ಳೂದಾ? ನಾನಾ?"

"ಮಾದರಿ ಪತ್ರದ ಬುಕ್ಕಿನ್ಯಾಗ ಹಂಗ ಐತ್ರಿ. ಅರ್ಜಿ ಅಂದ್ರ ಹಂಗ ಸುರು ಆಗೂದು. ಐ ಹಂಬ್ಲಿ ಬೆಗ್."

"ಹಿಂದಿನ ಎರಡರಾಗೂ ಇದ ಇತ್ತಾ?"

ಅವರು ಕನ್ನಡಕ ಮೇಲಕ್ಕೆ ತಳ್ಳಿದರು.

ನನಗೇ ಗೊತ್ತಿಲ್ಲದಂತೆ ಎರಡು ಸಲ ಬೇಡಿದ್ದೆ. ಕೆಳಗೆ ನನ್ನದೇ ಸಹಿ. "ಮೋಟಾರು ಅವ್ರದು, ಸುಟ್ಟಿದ್ದು ಗ್ಯಾರಂಟಿಯೊಳಗ. ನಾ ಭಿಕ್ಷಾ ಕೇಳಾಕ ಹೊಂಟೀನೇನ್ರಿ? ಅದನ್ನೆಲ್ಲ ತಗೀರಿ."

"ತಗದ್ರ ಉಳಿಯೂದಾದ್ರೂ ಏನ್ರಿ?"

"ಉಳಿದದ್ದು ನೀವ ಬರೀರಿ. ನಿಮಗ ಇಂಗ್ಲಿಷ್ ಬರ್ತೈತಲ್ಲ."

ಹುಡುಗಿಯರು ಊಟಕ್ಕೆ ಹೋಗಿದ್ದರು. ಅಕ್ಕಾರು ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಬರಂಗಿಲ್ರೀ ಅಣ್ಣಾರ. ಒಂದ ಮಾತೂ ನನ್ನ ತಲಿಯಿಂದ ಬರದಿಲ್ಲ. ಬುಕ್ಕಿನ್ಯಾಗಿಂದು ತಗದು, ಹೆಸರು ಊರು ಬದಲಿ ಮಾಡಿ ಹೊಡೀತೀನಿ, ಅಷ್ಟ. ಆ ಹುಡುಗ್ಯಾರಿಗೆ ಮಾತ್ರ ಹೇಳಬ್ಯಾಡ್ರಿ."

ಗಿರಣಿ ಬಂದ್ ಆಗಿದೆ. ಕಂಪನಿ ಎಲ್ಲೋ ಇದೆ. ಇಂಗ್ಲಿಷಿಗೆ ಇದ್ದ ಒಂದೇ ಬಾಗಿಲು ಇದು ಅಂದುಕೊಂಡಿದ್ದೆ. ತೆಗೆದು ನೋಡಿದರೆ ಹಿಂದೆ ಗೋಡೆ. ಎದ್ದು ಹೊರಟೆ.

"ಕುಂದರ್ರಿ" ಅಂದರು. ಹುಡುಗಿಯರಿಗೆ ಹೇಳುವ ದನಿ ಅದು, ಕೂತೆ. "ಆ ಕಂಪನಿಯವ ಈಗ ನಿಮ್ಮೆದುರಿಗೆ ನಿಂತಾನ ಅಂತ ತಿಳೀರಿ. ಏನಂತೀರಿ?"

ಅಂದೆ. ಅವರ ಮುಖ ಕೆಂಪಾಯಿತು.

"ಬೈಗುಳ ಬಿಟ್ಟು ಹೇಳ್ರಿ."

"ಬೈಗುಳ ಬಿಟ್ರ ನಂದೂ ಭಾಳ ಉಳಿಯಂಗಿಲ್ರಿ."

ಇಬ್ಬರಿಗೂ ನಗು ಬಂತು. ಅವರು ಬಾಯಿತುಂಬ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ.

ಉಳಿದದ್ದು ಇಷ್ಟು. ನೀವು ಮಾರಿದ ಮೋಟಾರು ಸುಟ್ಟಿದೆ. ಗ್ಯಾರಂಟಿ ಮುಗಿದಿಲ್ಲ. ಗಿರಣಿ ನಿಂತಿದೆ, ಮಂದಿ ಹಿಟ್ಟಿಗೆ ಬೇರೆ ಕಡೆ ಹೋಗುತ್ತಿದ್ದಾರೆ. ಯಾವತ್ತು ಬರುತ್ತೀರಿ, ತಿಳಿಸಿ.

ಅದನ್ನು ಇಂಗ್ಲಿಷಿಗೆ ತರಲು ಅವರಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಪೆನ್ಸಿಲಿನಲ್ಲಿ ಬರೆಯುವುದು, ಅಳಿಸುವುದು, ಡಿಕ್ಷನರಿ ತೆಗೆಯುವುದು. ಮಷಿನಿನ ಮೇಲೆ ಮಳೆ ಹೊಯ್ದಂತೆ ಓಡುವ ಬೆರಳು ಪೆನ್ಸಿಲು ಹಿಡಿದು ಒಂದೊಂದೇ ಅಕ್ಷರ ಕೂಡಿಸುತ್ತಿದ್ದವು. "ಇಷ್ಟು ಸಣ್ಣ ಸಣ್ಣ ಮಾತು ಇಂಗ್ಲಿಷ್ ಅನಸ್ತೈತೇನ್ರಿ? ಸಾಲಿ ಹುಡುಗರು ಬರದಂಗ ಐತಿ. ಅವ್ರು ಸಿಟ್ಟಿಗೆದ್ರ?"

"ಸಿಟ್ಟು ನನ್ನ ಹೆಸರಿಗೆ ಬರ್ಲಿ."

ಕೊನೆಗೆ ಅವರ ಕೈ ತಾನಾಗಿ 'ಯುವರ್ಸ್ ಒಬಿಡಿಯೆಂಟ್ಲಿ' ಕಡೆ ಹೊರಟಿತು.

"ಹಂಗಂದ್ರ?"

"ನಿಮ್ಮ ಮಾತು ಕೇಳಾವ ಅಂತ."

"ಹೆಸರಷ್ಟ ಸಾಕ್ರಿ."

"ಥ್ಯಾಂಕಿಂಗ್ ಯೂನರ ಇರ್ಲೇನು?"

"ಬಂದ ಮ್ಯಾಲೆ ಹೇಳೂಣು."

ಕಾಗದ ಹೋಯಿತು. ದಿನಗಳು ಕಳೆದವು, ಉತ್ತರ ಬರಲಿಲ್ಲ. 'ಗಮನದಲ್ಲಿದೆ' ಅನ್ನುತ್ತಿದ್ದ ಆ ಮರ್ಯಾದೆ ಇಲ್ಲದ ಉತ್ತರವೂ ತಪ್ಪಿತೇನೋ, ನನ್ನ ಸೊಕ್ಕಿಗೆ ಗಿರಣಿ ಕಳೆದುಕೊಂಡೆನೇನೋ ಅನ್ನಿಸುತ್ತಿತ್ತು. ಸಂಜೆ ಅಕ್ಕಾರು ಸರಳಿನ ಹಿಂದಿನಿಂದ ಕೈ ತಿರುಗಿಸಿ, ಏನಾಯ್ತು ಅಂತ ಕೇಳುವರು. ನಾನು ಇಲ್ಲ ಅಂತ ತಲೆಯಾಡಿಸುವೆ. ಇಬ್ಬರೂ ನಮ್ಮ ನಮ್ಮ ಗೂಡಿನಲ್ಲಿ.

ಒಂದು ಮಧ್ಯಾಹ್ನ ಹೆಗಲಿಗೆ ಚೀಲ ಹಾಕಿಕೊಂಡ ತಮಿಳು ಮೆಕ್ಯಾನಿಕ್ ಒಬ್ಬ ಗಿರಣಿ ಕೇಳಿಕೊಂಡು ಬಂದ. ಕಾಗದ ಓದಿ ಕಳಿಸಿದರೋ, ನನ್ನ ಪಾಳಿಯೇ ಬಂದಿತ್ತೋ, ಇವತ್ತಿಗೂ ಗೊತ್ತಿಲ್ಲ. ಸುಟ್ಟದ್ದು ಬಿಚ್ಚಿ ಬೇರೆ ಕೂರಿಸಿದ. ಬೆಲ್ಟು ಪಟಪಟ ಅಂದದ್ದೇ ತಡ, ಮೇಲಿನಿಂದ ಕೂಗು ಬಂತು.

"ತಿರಗ್ತೇನ್ರೀ?"

"ತಿರಗ್ತ್ರೀ ಅಕ್ಕಾರ!"

ಅವರ ಅಣ್ಣ ಅಂಗಡಿಯಿಂದ ಹೊರಗೆ ಬಂದು, ಕತ್ತೆತ್ತಿ ಕಿಟಕಿಯನ್ನೇ ನೋಡುತ್ತ ನಿಂತ. ತಂಗಿ ರಸ್ತೆಗೆ ಕೇಳುವಂತೆ ಕೂಗಿದ್ದನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಮರುದಿನ ಥ್ಯಾಂಕ್ಸಿನ ಕಾಗದವನ್ನು ಅವರೇ, ಬುಕ್ಕು ತೆಗೆಯದೆ, ಒಂದೇ ಸಾಲಿನಲ್ಲಿ ಬರೆದರು.

ಅಷ್ಟಾದ ಮೇಲೆ ಅಕ್ಕಾರ ದಾರಿ ಬದಲಾಯಿತು ಅಂದರೆ ಸುಳ್ಳಾದೀತು. ಮಂದಿಗೆ ಬೇಕಾದದ್ದು ತುಂಬಿದ ಹಾಳೆಯೇ. ಸಣ್ಣದಾಗಿ ಬರೆದುಕೊಟ್ಟರೆ "ಮೇಡಮ್ಮಾರಿಗೆ ಇಂಗ್ಲಿಷ್ ಮರ್ತೈತಿ" ಅನ್ನುವರು. ಮತ್ತೆ ಬೇಡಿಕೊಳ್ಳುವ ಅರ್ಜಿಗಳೇ. ಅವರದೂ ಒಂದು ಆಸೆ ಇತ್ತು. ಟೈಪಿಂಗ್ ಪರೀಕ್ಷೆ ಬಳ್ಳಾರಿಯಲ್ಲಿ ನಡೆಯುತ್ತಿದ್ದರಿಂದ ಎಷ್ಟೋ ಹುಡುಗಿಯರನ್ನು ಮನೆಯವರು ಕಳಿಸುತ್ತಿರಲಿಲ್ಲ. ಪರೀಕ್ಷೆ ಕೊಟ್ಟೂರಲ್ಲೇ ಆಗಲಿ ಅಂತ ಅವರು ಪರೀಕ್ಷೆ ನಡೆಸುವವರಿಗೆ ವರ್ಷ ವರ್ಷ ಬೇಡಿ ಬರೆದಿದ್ದರು. ನನ್ನ ಮೋಟಾರು ತಿರುಗಿದ ವರ್ಷ ಬೇಡದೆ ಬರೆದರು. ಆಗಲೂ ಉತ್ತರ ಬರಲಿಲ್ಲ. "ಬೇಡಿದ್ರೂ ಇಲ್ಲ, ಬೇಡದಿದ್ರೂ ಇಲ್ಲ ನೋಡ್ರಿ" ಅಂದರು. "ಆದ್ರ ಈ ಸಲ ಬರಿಯೂಮುಂದ ಬೆನ್ನು ಬಗ್ಗಲಿಲ್ಲ."

ಆಮೇಲೆ ಕಂಪ್ಯೂಟರ್ ಅಂಗಡಿಗಳು ಬಂದವು. ಮಷಿನುಗಳಿಗೆ ಬಟ್ಟೆ ಹೊದಿಸಿದರು. ಅಕ್ಕಾರ ಮೂಗಿನ ಮಸಿ ಪೂರ್ತಿ ಹೋಯಿತು. ಮುಖ ಯಾರದೋ ಅನ್ನಿಸುತ್ತಿತ್ತು. ಮಂಡಿ ಅವರನ್ನು ಆ ಕೋಣೆಯಲ್ಲೇ ಕಟ್ಟಿಹಾಕಿತು. ಹಬ್ಬಕ್ಕೆ ಕಾಣಲು ಹೋದರೆ ಕೇಳುವುದು ಒಂದೇ ಮಾತು. "ಮೋಟಾರು ತಿರಗಾಕತ್ತೈತಲ್ರೀ ಅಣ್ಣಾರ? ಸದ್ದು ಕೇಳಿದ್ರ ನಂಗ ನಿದ್ದಿ ಹತ್ತತೈತಿ."

ಅವರು ತೀರಿಕೊಂಡ ಮುಂಜಾನೆ ಓಣಿಯ ಅಂಗಡಿಗಳೆಲ್ಲ ಮುಚ್ಚಿದ್ದವು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ರೊಟ್ಟಿ ಬುತ್ತಿ ಓಣಿಯವರೇ ಕೊಡಬೇಕು. ನಮ್ಮ ಮನೆಯ ಜೋಳ ತಂದು ಸುರಿದು ಗಿರಣಿ ಹಚ್ಚಿದೆ. ಹಿರಿಯರೊಬ್ಬರು ಬಾಗಿಲಿಗೆ ಬಂದು ನಿಂತರು.

"ಹೆಣ ಇನ್ನೂ ಎದ್ದಿಲ್ಲ, ಗಿರಣಿ ಹಚ್ಚೀಯಲ್ಲೋ. ನಾಚಿಕಿ ಇಲ್ಲೇನು ನಿನಗ?"

"ಅವ್ರಿಗೆ ಕೇಳ್ಲಿ ಅಂತ ಹಚ್ಚೀನ್ರಿ" ಅಂದೆ.

ಹಿರಿಯರು ಅಕ್ಕಾರ ಮನೆಯ ಕಡೆ ನಡೆದರು. ಜೋಳ ಬೀಸಿ ಮುಗಿಯಿತು. ಕಾಳಿಲ್ಲದೆ ಕಲ್ಲು ತಿರುಗಿಸಬಾರದು, ಒಂದಕ್ಕೊಂದು ಉಜ್ಜಿ ಸವೆದುಹೋಗುತ್ತವೆ. ನಾನು ಯಾವತ್ತೂ ಹಾಗೆ ಬಿಟ್ಟವನಲ್ಲ. ಅವತ್ತು ಬಿಟ್ಟೆ. ಆ ಕಡಿದಾದ ಮೆಟ್ಟಿಲಿನಿಂದ ಅವರನ್ನು ಮೆಲ್ಲಗೆ ಇಳಿಸಿ ರಸ್ತೆಗೆ ತರುವ ತನಕ ಬರೀ ಕಲ್ಲು ತಿರುಗುತ್ತಲೇ ಇತ್ತು. ಆಮೇಲೆ ಸ್ವಿಚ್ಚು ಆರಿಸಿ, ಮೈಮೇಲಿನ ಹಿಟ್ಟೂ ಕೊಡವದೆ, ಹೆಗಲು ಕೊಡಲು ಹೋದೆ.