ಆಯಿಯ ಕೈಗೆ ಕುಂಚ ಕೊಟ್ಟವರು

ಅವರ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಯಾವಾಗಲೂ ಕೂದಲೆಳೆಯಷ್ಟು ಸಣ್ಣ ಬಣ್ಣದ ಗೆರೆಗಳು. ಕುಂಚವನ್ನು ಚಿತ್ರಕ್ಕೆ ತಾಗಿಸುವ ಮೊದಲು ಅದರ ಮೊನೆಯನ್ನು ಆ ಉಗುರಿನ ಮೇಲೆ ಎಳೆದು ನೋಡುತ್ತಿದ್ದರು. ಊಟಕ್ಕೆ ಕೂತಾಗ ಹೆಂಡತಿ ಎಷ್ಟು ಬೈದರೂ ಆ ಬಣ್ಣ ಹೋಗುತ್ತಿರಲಿಲ್ಲ.

ಸುರಪುರದಲ್ಲಿ ನಮ್ಮ ಎದುರು ಮನೆಯ ಚಿತ್ರಗಾರರು ಅವರು. ನಿಜಾಮರ ಕಾಲದ ಕೊನೆ. ನಾನು ಶಾಲೆಯಲ್ಲಿ ಉರ್ದು ಅಕ್ಷರ ತಿದ್ದಿ ಬರುವ ಹುಡುಗಿ. ಹಲಗೆಗೆ ಬಟ್ಟೆ ಅಂಟಿಸಿ, ಅದರ ಮೇಲೆ ದೇವರ ಚಿತ್ರ ಬರೆದು, ಚಿನ್ನದ ರೇಕು ಕೂಡಿಸುವುದು ಅವರ ಕಸುಬು. ಮಾತು ಕಡಿಮೆ, ಹಟ ಜಾಸ್ತಿ. ಯಾರಾದರೂ ಅವಸರ ಮಾಡಿದರೆ, "ಬಣ್ಣ ಒಣಗಲಿ, ಆಮ್ಯಾಲ ಮಾತಾಡೂಣು," ಅನ್ನುತ್ತಿದ್ದರು.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ರಂಗೋಲಿಗೆ ಓಣಿಗೇ ಹೆಸರಾದವಳು. ಅಜ್ಜ, ನಮ್ಮ ಮುತ್ಯಾ, ತೀರಿಕೊಂಡ ಮೇಲೆ ರಂಗೋಲಿ ಡಬ್ಬಿ ಅವ್ವನ ಕೈಗೆ ಹೋಯಿತು. ಗಂಡ ಸತ್ತವಳು ಹೊಸ್ತಿಲ ಮುಂದೆ ರಂಗೋಲಿ ಹಾಕಬಾರದೆಂಬುದು ರೂಢಿ. ಅವ್ವನ ರಂಗೋಲಿಯೋ, ದೇವರೇ ಗತಿ. ಆಯಿ ಅದನ್ನು ನೋಡಲಾರದೆ ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂರುತ್ತಿದ್ದಳು; ಬೆರಳು ಮಾತ್ರ ಸೆರಗಿನ ಮೇಲೆ ತಾವಾಗಿಯೇ ಚುಕ್ಕಿ ಇಡುತ್ತಿದ್ದವು. ಇದನ್ನು ಮೊದಲು ಕಂಡವರು ಮನೆಯವರಾದ ನಾವಲ್ಲ, ಚಿತ್ರಗಾರರು. ಇವತ್ತಿಗೂ ನನಗೆ ಅದು ನಾಚಿಕೆ.

ಒಂದು ಮಧ್ಯಾಹ್ನ ಅವರು ಆಯಿಯ ಹತ್ತಿರ ಬಂದು, "ಅವ್ವಾರ, ನನಗ ಚಿತ್ರದ ಅಂಚು ಬರಿಯೋದು ಬ್ಯಾಸರ ಬಂದದ. ನೀವು ಬರದು ಕೊಡ್ರಿ," ಅಂದರು.

"ನನಗ ಅರವತ್ತು ದಾಟ್ಯಾವ, ತಮ್ಮಾ. ಈಗೇನ್ ಕಲೀಲಿ?"

"ಕಲೀಬ್ಯಾಡ್ರಿ. ಸುಮ್ನ ಬಂದು ಬರೀರಿ."

ಆಯಿಗೆ ಕುಂಚ ಹಿಡಿಯಲು ಬರಲಿಲ್ಲ. ರಂಗೋಲಿ ಪುಡಿ ಹಿಡಿದ ಹಾಗೆ ಬೆರಳಲ್ಲಿ ಚಿವುಟಿ ಹಿಡಿದಳು. ಮೊದಲು ಚುಕ್ಕಿ ಇಟ್ಟು, ಆಮೇಲೆ ಅವುಗಳ ಸುತ್ತ ಬಳ್ಳಿ ಎಳೆದಳು. ಕಸುಬಿನವರು ಹಾಗೆ ಬರೆಯುವುದಿಲ್ಲವಂತೆ. ಚಿತ್ರಗಾರರು ತಿದ್ದಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಆಯಿಗೆ ನನ್ನನ್ನು ಬೈಯುವುದಕ್ಕೂ ಪುರುಸೊತ್ತಿಲ್ಲದಂತಾಯಿತು.

ಹೀಗಿರುವಾಗ ಜಾಗೀರದಾರರ ಕಾರಭಾರಿ ಲಕ್ಷ್ಮಿಯ ಚಿತ್ರ ಒಯ್ಯಲು ಬಂದ. ಅಂಚು ನೋಡಿ ಬೆರಗಾಗಿ, ಇದು ಯಾರ ಕೈ ಎಂದು ಕೇಳಿದ. ಚಿತ್ರಗಾರರು ತಮ್ಮದೇ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಎದುರು ಮನಿ ಅವ್ವಾರು ಬರದಾರ್ರಿ," ಎಂದರು ಚಿತ್ರಗಾರರು.

ಕಾರಭಾರಿ ಅಲ್ಲೇ ಕೂತಿದ್ದ ಆಯಿಯ ಬರಿ ಹಣೆ ನೋಡಿದ. "ಲಕ್ಷ್ಮೀ ಚಿತ್ರಕ್ಕ ಇವರ ಕೈ ಹತ್ತಬಾರದಾಗಿತ್ತು," ಎಂದು ಚಿತ್ರವನ್ನು ಅಲ್ಲೇ ಬಿಟ್ಟು ಹೋದ.

ಆಯಿ ಕೈ ತೊಳೆದುಕೊಂಡು ಮನೆಗೆ ಬಂದಳು. ಇನ್ನು ಸಾಕು ಅಂದವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಚಿತ್ರಗಾರರು ಖಾಲಿ ಹಲಗೆಯೊಂದನ್ನು ಹೊತ್ತು ಬಂದರು. ಆ ಲಕ್ಷ್ಮಿಯನ್ನು ತಮ್ಮ ಮನೆಯ ದೇವರ ಜಗಲಿಯ ಮೇಲೆ ಇಟ್ಟು ಪೂಜೆ ಮಾಡಿಯೇ ಬಂದಿದ್ದರು.

"ಇಷ್ಟ ದಿನ ನಾ ದೇವರನ್ನ ಬರದಮ್ಯಾಲ ನೀವು ಅಂಚು ಬರೀತಿದ್ರಿ," ಅಂದರು. "ಇನ್ನ ಮೊದಲ ನಿಮ್ಮ ಅಂಚು. ಅದರಾಗ ಹಿಡಿಯೋ ದೇವರನ್ನ ನಾ ಬರೀತೀನಿ."

ಆಯಿ ಅತ್ತಳು. ಮೂಗು ಒರೆಸಿಕೊಂಡು ಕುಂಚ ಕೇಳಿದಳು.

ಕೆಲವು ವರ್ಷ ಹೀಗೇ ನಡೆಯಿತು. ಚಿತ್ರಗಾರರು ಜ್ವರದಲ್ಲಿ ತೀರಿಕೊಂಡಾಗ, ಅಂಚು ಮುಗಿದು ನಡುವೆ ಖಾಲಿಯಿದ್ದ ಒಂದು ಹಲಗೆ ಉಳಿದಿತ್ತು. ಅವರ ಹೆಂಡತಿ ಅದನ್ನು ಆಯಿಗೇ ಕೊಟ್ಟರು. ಬಹಳ ದಿನ ಆಯಿ ಮುಟ್ಟಲಿಲ್ಲ. ಆಮೇಲೊಂದು ಬೆಳಿಗ್ಗೆ ಯಾರನ್ನೂ ಕೇಳದೆ ನಡುವೆ ಬರೆಯತೊಡಗಿದಳು: ಒಂದು ಜಾಲಿ ಮರ, ಅದರ ನೆರಳಲ್ಲಿ ಕುರಿ ಮಂದೆ, ಒಂದು ಕುರಿಗೆ ಐದು ಕಾಲು.

ನೋಡಲು ಬಂದವರು, ಇದು ಯಾವ ದೇವರ ಚಿತ್ರ ಎಂದು ಕೇಳಿದರು.

"ದೇವರದಲ್ಲ," ಅಂದಳು ಆಯಿ. "ನಾ ಬರದದ್ದು."