ಕಂಬಳಿ ಕೆಳಗಿನ ಅಂದಾಜು

ಮೌಲಾಲಿಯಂಥಾ ಹಟಮಾರಿ ಮನಷ್ಯಾನ್ನ ನಾ ಮತ್ತೊಬ್ಬನ್ನ ನೋಡಿಲ್ಲ. ಮಾಡಗ್ಯಾಳದಾಗ ನಂದು ಕಿರಾಣಿ ಅಂಗಡಿ, ಬಾಜೂಕ ಅವನ ಮನಿ. ಅವಂದು ಕುರಿ ವ್ಯಾಪಾರ. ನಮ್ಮೂರ ಟಗರಿನ ಮೂಗು ಹೆಂಗ ಬಾಗಿರತೈತಿ, ಅವನ ಮೂಗೂ ಹಂಗ ಬಾಗಿತ್ತು. ಸಿಟ್ಟು ಸದಾ ಆ ಮೂಗಿನ ತುದಿ ಮ್ಯಾಲ. ಆದರೂ ವ್ಯಾಪಾರದಾಗ ಅವನ ಕೈ ಅಂದ್ರ ಕೈ, ಒಪ್ಪಿದ್ದು ತಪ್ಪಾಂವಲ್ಲ. ಸನಮಡಿ ಊರ ಕುರುಬರ ಕಾಳವ್ವ ಅಂದ್ರ ಸುತ್ತ ಹಳ್ಳಿ ಗಂಡಸರನ್ನ ಬಾಯಿಲೆನ ಹಣಿದಾಕಿ. ಅಂಥಾಕಿ ಒಂದ ಪೈಸಾ ಮುಂಗಡ ಕೇಳದ ಇಡೀ ಹಿಂಡು ಇವನ ಜೋಡಿ ಹೊಡದು ಕಳಸತಿದ್ದಳು. ಮಾರಿ ಬಂದ ಮ್ಯಾಲ ಇಂವ ರೊಕ್ಕಾ ಮುಟ್ಟಸಾಂವ. ಅವನ ಸಂಸಾರ ನಡದದ್ದ ಆ ಉದ್ರಿ ಮ್ಯಾಲ.

ಕುರಿ ಬಜಾರದ ರೀತಿ ಒಂದೀಟು ಹೇಳಬೇಕು. ಅಲ್ಲಿ ಬಾಯಿಲೆ ಹೇಳೂ ರೇಟು ಬರೇ ನಿಂತು ನೋಡೂ ಮಂದಿ ಸಲುವಾಗಿ. ಮಾರಾಂವ ಮುಗಲಿಗೇರಸ್ತಾನ, ಕೊಳ್ಳಾಂವ ನೆಲಕ್ಕ ಕೆಡುವತಾನ, ನಡುವ ಅಪ್ಪ ಅಜ್ಜನ್ನೆಲ್ಲಾ ಎಳದಾಡಿ ಬೈತಾರ. ಖರೇ ರೇಟು ಇರೂದು ಕಂಬಳಿ ಕೆಳಗ. ಇಬ್ಬರ ಕೈ ಮ್ಯಾಲೂ ಕಂಬಳಿ ಹಾಕ್ಕೊಂಡು ಬೆರಳು ಒತ್ತಿ ಹೇಳತಾರ. ಅಲ್ಲಿ ಒತ್ತಿದ ಬೆರಳು ಯಾರೂ ಹಿಂದ ತಗೊಳ್ಳೂದುಲ್ಲ.

ರಾಜರ ಕಾರಭಾರ ಹೋಗಿ ನಮ್ಮ ಜತ್ತ ಸಂಸ್ಥಾನ ಮುಂಬೈ ಸರಕಾರಕ್ಕ ಸೇರಿತು, ಅದರ ಬೆನ್ನ ಹಿಂದ ಇನ್ಕಮ್ ಟ್ಯಾಕ್ಸೂ ಬಂತು. ಪ್ಯಾಟಿ ಕಚೇರಿಂದ ಮೌಲಾಲಿಗೆ ಬಾ ಅಂತ ಕರಿ ಬಂದಾಗ ನಾನೂ ಜೋಡಿ ಹೋದೆ. ಸಾಹೇಬ ಸಣ್ಣ ವಯಸ್ಸಿನಾಂವ, ಮಾತು ಮೆತ್ತಗ. "ಈ ವರ್ಷ ನಿಮಗ ಎಷ್ಟು ಫಾಯದೆ ಆಗಬಹುದು, ಅಂದಾಜು ನೀವ ಹೇಳ್ರಿ. ಅದರ ಮ್ಯಾಲಿನ ಟ್ಯಾಕ್ಸ್ ಅಗಾವು, ಅಂದ್ರ ಈಗಿಂದನ, ನಾಕು ಹಪ್ತೇದಾಗ ಕಟ್ಟರಿ" ಅಂದ.

ಮೌಲಾಲಿ ನನ್ನ ಕಡೆ ನೋಡಿ ಕಣ್ಣು ಹೊಡದ. ಆಗೂದರಾಗ ಅರ್ಧಾ ಹೇಳಿದ. ಸಾಹೇಬ ಡಬಲ್ ಕೇಳತಾನ, ಆಮ್ಯಾಲ ಜಗಳಾಡಿ ನಡುವ ಎಲ್ಲೋ ಕೂಡೂಣು ಅಂತ ಇವನ ವಿಚಾರ. ಸಾಹೇಬ ಕೇಳಲಿಲ್ಲ, ಬೈಲಿಲ್ಲ, ಸುಮ್ಮ ಬರಕೊಂಡ! "ಇದೆಂಥಾ ವ್ಯಾಪಾರೋ ಮಾರಾಯಾ, ಚೌಕಾಶಿನೂ ಇಲ್ಲ" ಅಂತ ಮೌಲಾಲಿ ಊರು ಮುಟ್ಟೂತನಾ ಗೊಣಗಿದ.

ವರ್ಷ ಮುಗೀತು. ಗಳಿಕಿ ಹೇಳಿದ್ದರ ಎರಡಪಟ್ಟು ಆಗಿತ್ತು. ನೋಟೀಸು ಬಂತು. ಕಡಿಮಿ ಬಿದ್ದ ಟ್ಯಾಕ್ಸ್ ಕಟ್ಟು, ಅದರ ಮ್ಯಾಲ ಬಡ್ಡಿ ಕಟ್ಟು, ಗೊತ್ತಿದ್ದೂ ಸುಳ್ಳು ಅಂದಾಜು ಕೊಟ್ಟದ್ದಕ್ಕ ದಂಡ ಯಾಕ ಹಾಕಬಾರದು ಅದನ್ನೂ ಹೇಳು. ರೊಕ್ಕದ ಮಾತಿಗೆ ಇಂವ ಹುಬ್ಬು ಸೈತ ಹಾರಸಲಿಲ್ಲ. 'ಸುಳ್ಳು' ಅಂತ ನಾ ಓದಿದ್ದ ತಡಾ, ಎದ್ದು ನಿಂತ. "ನಾ ಸುಳ್ಳ ಏನು? ನಾ?" ಅಂತ ತುಂಬಿದ ಬಜಾರದಾಗ ಒದರ್ಯಾಡಿದ. ಹುಚ್ಚಖೋಡಿ! ಅಲ್ಲೀತನಾ ಯಾರಿಗೂ ಗೊತ್ತಿರಲಿಲ್ಲ. ತಾನ ಡಂಗುರಾ ಸಾರಿದ.

ಹಾಕಿದ್ದೆಲ್ಲಾ ಕಟ್ಟಿದ. ಮುಂದಿನ ವರ್ಷ ಅದ ಸಾಹೇಬನ ಮುಂದ ಹೋಗಿ, ಕನಸಿನಾಗೂ ಆಗಲಾರದಷ್ಟು ಗಳಿಕಿ ಹೇಳಿದ. "ಈಗ ಯಾಂವ ಸುಳ್ಳ ಅಂತಾನ ನೋಡತೀನಿ" ಅಂದ. ಬ್ಯಾಡೋ ಬ್ಯಾಡೋ ಅಂತ ನಾ ಬಾಯಿ ಬಡಕೊಂಡೆ, ಕೇಳತಾನೇನು? ಹಪ್ತೆ ಹಪ್ತೆಕ್ಕ ಕೈಯಾಗಿನ ರೊಕ್ಕಾ ಎಲ್ಲಾ ಸರಕಾರದ ಹೊಟ್ಟಿಗೆ ಹೋತು. ಕುರಿ ತರಲಿಕ್ಕೆ ಇಬ್ಬರೂ ಸನಮಡಿಗೆ ಹೋದ್ರ ಕಾಳವ್ವ ಹಿಂಡು ಬಿಡವಲ್ಲಳು.

"ನಗದು ಇಡು" ಅಂದಳು.

"ಯಾಕವ್ವಾ, ನನ್ನ ಮ್ಯಾಲ ನಂಬಿಕಿ ಹೋತೇನು?"

"ಸರಕಾರಕ್ಕ ಸುಳ್ಳು ಹೇಳಿದಾಂವ ನನಗೇನು ಖರೇ ಹೇಳತಿ?"

ಮೌಲಾಲಿ ಮಾರಿ ಸಣ್ಣದಾತು. ಹಿಂಡು ಸಿಗದಿದ್ರ ಅವನ ಮನ್ಯಾಗ ಒಲಿ ಹತ್ತೂದುಲ್ಲ. ಕಾಳವ್ವ ಒಲ್ಲೆ ಅಂದಳಂದ್ರ ಸುತ್ತಿನ ಯಾ ಕುರುಬನೂ ಉದ್ರಿ ಕೊಡೂದುಲ್ಲ. ನನಗ ಪಾಪ ಅನಸ್ತು, ಸಿಟ್ಟೂ ಬಂತು. "ಅಲ್ಲಬೇ ಕಾಳವ್ವಾ, ಈ ಶಾಣ್ಯಾ ಕಚೇರ್ಯಾಗ ಚೌಕಾಶಿ ಮಾಡಲಿಕ್ಕೆ ಹೋಗಿ ಸಿಕ್ಕೊಂಡಾನ" ಅಂತ ನಡದದ್ದೆಲ್ಲಾ ಹೇಳಿದೆ.

ಅಕಿ ಕೇಳಿದಳು, "ಕೈ ಮ್ಯಾಲ ಕಂಬಳಿ ಹಾಕಿದ್ರೇನು?"

"ಎಲ್ಲೀ ಕಂಬಳಿ ಬೇ? ಮೇಜು ಕುರ್ಚಿ ಇದ್ದೂ."

"ಬರೇ ಬಾಯಿಲೆ ಹೇಳ್ಯಾನ?"

"ಬರೇ ಬಾಯಿಲೆ."

ಮುದುಕಿ ನಕ್ಕಳು ನೋಡ್ರಿ, ಕುರಿ ಬೆದರಿದೂ. "ಹಂಗಾರ ಅದ್ಯಾವ ಸುಳ್ಳೋ ಖೋಡಿ!" ಅಂತ ಹೆಗಲ ಮ್ಯಾಲಿನ ಕಂಬಳಿ ತಗದು ಇವನ ಕೈ ಮ್ಯಾಲ ಒಗದಳು. "ಈ ವರ್ಷ ಖರೇ ಎಷ್ಟು ಗಳಸ್ತಿ? ಒತ್ತು."

ಮೌಲಾಲಿ ಒತ್ತಿದ. ಅಕಿ ತಲಿ ಹಾಕಿದಳು. "ಇದನ್ನ ಹೋಗಿ ಆ ಸಾಹೇಬಗ ಹೇಳು. ಪಾಪ, ಅವನ ಹತ್ತಿರ ಕಂಬಳಿ ಇಲ್ಲ" ಅಂದಳು. ಹಂಗ ಕೈ ಬಿಡದ ಕುರಿ ರೇಟೂ ಮುಗಿಸಿದರು. ಕಡೀಕ ಒಂದು ಬೆರಳು ಹೆಚ್ಚಿಗಿ ಒತ್ತಿದಳಂತ, ಕುರಿಗೊಂದು ರೂಪಾಯಿ.

"ಇದ್ಯಾತರದು?" ಅಂದ ಮೌಲಾಲಿ.

"ದಂಡ. ಸರಕಾರ ಒಂದ ಹಾಕಬೇಕೇನು?"

ಹುಟ್ಟಿದಾಗಿಂದ ಮೊದಲನೇ ಸಲ ಅಂವ ಚೌಕಾಶಿ ಮಾಡಲಿಲ್ಲ.

ಕಡೀ ಹಪ್ತೆ ಬಾಕಿ ಇತ್ತು. ಲಗೂನ ಕಚೇರಿಗೆ ಹೋಗಿ ಅಂದಾಜು ತಿದ್ದಿಸಿದ. ಸಾಹೇಬ ಈ ಸಲಾನೂ ಸುಮ್ಮ ಬರಕೊಂಡ. ಕಡೀ ಹಪ್ತೆ ಕಟ್ಟೂದು ತಪ್ಪಿತು, ಹೆಚ್ಚಿಗಿ ಕಟ್ಟಿದ್ದು ಲೆಕ್ಕ ಆದ ಮ್ಯಾಲ ಬಡ್ಡಿ ಸಮೇತ ತಿರುಗಿ ಬಂತು. ಬಡ್ಡಿ ನೋಡಿ ಮೌಲಾಲಿ ಹಾವು ಕಂಡಾಂಗ ಮಾಡಿದ. "ನಮಗ ಇದು ಹರಾಮಪಾ. ನೀ ತಿನ್ನು, ನಿಮಗ ನಡೀತೈತಿ" ಅಂತ ಅದನ್ನ ನನ್ನ ಅಂಗಡಿ ಗಲ್ಲೇಕ್ಕ ಒಗದು ಹೋದ. ನಾ ಪೇಢೆ ತರಿಸಿ ತಿಂದೆ, ಭಾಳ ಚಲೋ ಇದ್ದೂ.

ಕಾಳವ್ವ ಮಾತ್ರ ಆ ಬೆರಳು ಬಿಡಲಿಲ್ಲ, ವರ್ಷಾ ವರ್ಷಾ ಒತ್ತಿದಳು. ಕಡೀಕ ಅಕಿಗೆ ಭಾಳ ವಯಸ್ಸಾತು, ನೆಪ್ಪು ಹಾರತಿತ್ತು. ಒಂದು ವರ್ಷ ರೇಟು ಮುಗಿಸಿ, ಆ ದಂಡದ ಬೆರಳು ಒತ್ತದನ ಕೈ ತಗೀಲಿಕ್ಕೆ ಹೋದಳು. ಮೌಲಾಲಿ ಬಿಡಲಿಲ್ಲ, ಹಿಡದ.

"ಏ ಖೋಡಿ, ಒಂದು ಬೆರಳು ಹೆಚ್ಚಿಗಿ ಒತ್ತಿದ್ಯಲ್ಲೋ" ಅಂದಳು ಮುದುಕಿ.

"ಇರಲಿ ಬಿಡಬೇ" ಅಂತ ಅಂವ ಕಂಬಳಿ ಝಾಡಿಸಿ ಅಕಿ ಹೆಗಲಿಗೆ ಹೊಚ್ಚಿ, ಕುರಿ ಹೊಡಕೊಂಡು ಬರಲಿಕ್ಕೆ ಎದ್ದ.