ತಾರಸಿಯ ವಾಯುದೇವರಿಗೆ ವರ್ಗಾವಣೆ

ಜಯನಗರ ನಾಲ್ಕನೇ ಬ್ಲಾಕಿನ ಮರುಳಸಿದ್ದಪ್ಪನವರ ಸೀರೆ ಅಂಗಡಿಯಲ್ಲಿ ಜನ ಬೆವರಬೇಕೋ ಬೇಡವೋ ಎಂಬುದನ್ನು ಹದಿನೇಳು ವರ್ಷ ತೀರ್ಮಾನಿಸಿದವನು ಜರಗನಹಳ್ಳಿಯ ವೆಂಕಟಸ್ವಾಮಿ. ಅವನ ಸಿಂಹಾಸನ ತಾರಸಿಯ ಮೇಲಿತ್ತು: ಬೋರಲು ಹಾಕಿದ ಪೇಂಟ್ ಡಬ್ಬ. ಎದುರಿಗೆ ಮಿನಿ ಲಾರಿಯಷ್ಟು ದೊಡ್ಡ ಏಸಿ ಯಂತ್ರ.

ಯಂತ್ರದ ಕೆಲಸ ಸರಳ. ಅಂಗಡಿಯ ಬಿಸಿಗಾಳಿಯನ್ನು ಒಂದು ಕೊಳವೆಯಿಂದ ಮೇಲಕ್ಕೆಳೆದು, ಸ್ವಲ್ಪ ಹೊರಗಾಳಿ ಬೆರೆಸಿ, ತಣ್ಣನೆಯ ಸುರುಳಿಗಳ ನಡುವೆ ಹಾಯಿಸಿ, ಇನ್ನೊಂದು ಕೊಳವೆಯಿಂದ ಗ್ರಾಹಕರ ನೆತ್ತಿಗೆ ಸುರಿಯುವುದು. ಯಾವ ಗಾಳಿ ಎಷ್ಟು ಎನ್ನುವುದು ಮಾತ್ರ ಸರಳವಲ್ಲ. ಅದಕ್ಕೆ ತಗಡಿನ ರೆಕ್ಕೆಗಳಿದ್ದವು. ಅವುಗಳ ಹಿಡಿ ವೆಂಕಟಸ್ವಾಮಿಯ ಕೈಯಲ್ಲಿತ್ತು. ಡಿಸೆಂಬರ್ ಬೆಳಿಗ್ಗೆ ಹೊರರೆಕ್ಕೆ ಪೂರ್ತಿ ತೆರೆದು, ಕಂಪ್ರೆಸರ್ ನಿಲ್ಲಿಸಿ, ಊರಿನ ತಂಪನ್ನೇ ಒಳಗೆ ಕಳಿಸುತ್ತಿದ್ದ. ಮೇಲೆ ಬರುವ ಗಾಳಿಗೆ ಮೂಗೊಡ್ಡಿದರೆ ಕೆಳಗೆ ಎಷ್ಟು ತಲೆಗಳಿವೆ, ಅವುಗಳಲ್ಲಿ ಕೊಳ್ಳುವವು ಎಷ್ಟು ಎಂದು ಹೇಳಬಲ್ಲೆ ಎನ್ನುತ್ತಿದ್ದ. ಎರಡನೆಯದನ್ನು ಯಾರೂ ನಂಬಬೇಕಾಗಿಲ್ಲ.

ಹೋದ ವರ್ಷ ಮರುಳಸಿದ್ದಪ್ಪನವರ ಮಗ ಶಿವಕಿರಣ್ ಹೊಸ ಯಂತ್ರ ತರಿಸಿದ. ಅದು ತಾನೇ ಯೋಚಿಸುತ್ತದೆ. ಕೆಳಗೆ ಗೋಡೆಯ ಮೇಲಿನ ಬಿಳಿ ಸೆನ್ಸರ್ ಶಾಖ ಅಳೆದು ಮೇಲಕ್ಕೆ ವರದಿ ಕೊಡುತ್ತದೆ. ಇಪ್ಪತ್ತನಾಲ್ಕು ಡಿಗ್ರಿಗೆ ಇಳಿದರೆ ಯಂತ್ರ ಸುಮ್ಮನಾಗುತ್ತದೆ. ರೆಕ್ಕೆಗಳಿಗೆ ಮೋಟಾರು.

"ದೇವರ ಪಕ್ಕದಲ್ಲೇ ಹಾಕ್ಬಿಡಿ, ಶುಭ" ಎಂದ ಶಿವಕಿರಣ್. ಕಂಪನಿಯವರು ಬಸವಣ್ಣನವರ ಪಟದ ಪಕ್ಕದಲ್ಲಿ, ನಂದಾದೀಪದಿಂದ ಗೇಣು ಮೇಲೆ, ಸೆನ್ಸರ್ ಕೂರಿಸಿ ಕುಂಕುಮ ಹಚ್ಚಿಸಿಕೊಂಡು ಹೋದರು. ಮರುಳಸಿದ್ದಪ್ಪನವರ ತಾಯಿ ಹಚ್ಚಿದ ಆ ದೀಪ ಅಂಗಡಿ ತೆರೆದ ದಿನದಿಂದ ಆರಿರಲಿಲ್ಲ.

ವೆಂಕಟಸ್ವಾಮಿ ನೋಡಿದ. ದೀಪದ ಕಾವು ನೇರವಾಗಿ ಸೆನ್ಸರಿಗೆ ತಾಗುತ್ತಿತ್ತು. ಅಂಗಡಿ ಹಿಮಾಲಯವಾದರೂ ಅದು ಮೂವತ್ತು ಎಂದೇ ವರದಿ ಕೊಡುತ್ತದೆ, ಯಂತ್ರ ನಿಲ್ಲುವುದಿಲ್ಲ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಆಗಷ್ಟೇ ಅವನಿಂದ ತಾರಸಿಯ ಬೀಗದ ಕೈ ಕಿತ್ತುಕೊಂಡು, ಗಾಜಿನ ಬಾಗಿಲು ತೆಗೆಯಲು ನಿಲ್ಲಿಸಿದ್ದರು. ವಾರದೊಳಗೆ ಬಂದು ಕಾಲು ಹಿಡಿಯುತ್ತಾರೆ, ತಾರಸಿ ವಾಪಸ್ಸು ಕೊಡುತ್ತಾರೆ ಎಂದು, ಕೋಟೆಗೆ ಮುತ್ತಿಗೆ ಹಾಕಿದ ಸೇನಾಧಿಪತಿಯಂತೆ ಬಾಗಿಲಲ್ಲಿ ಕಾದ.

ವಾರದೊಳಗೆ ಅಂಗಡಿ ಹದಿನೇಳು ಡಿಗ್ರಿ. ಹೊರಗೆ ಏಪ್ರಿಲ್.

"ಸಖತ್ ಕೂಲಿಂಗ್ ಅಲ್ವೇನೇ, ಥೇಟ್ ಮಾಲ್ ಇದ್ದಂಗಿದೆ!" ಎನ್ನುತ್ತಾ ಜನ ನುಗ್ಗಿದರು. ಹೆಗಲ ಮೇಲೆ ಹೊದೆಸಿಕೊಂಡ ಭಾರೀ ರೇಷ್ಮೆ ಬೆಚ್ಚಗಿತ್ತು. ತೆಗೆಯಲು ಮನಸ್ಸಾಗದೆ ಕೊಂಡೇ ಹೋದರು. ಶಿವಕಿರಣ್ ಕೆಲಸದವರಿಗೆಲ್ಲ ಅಂಗಡಿಯ ಹೆಸರಿದ್ದ ಸ್ವೆಟರ್ ಹಂಚಿದ. ಮುತ್ತಿಗೆ ಹಾಕಿದವನೇ ಚಳಿಯಲ್ಲಿ ನಿಂತ.

ಕೊಳವೆಯ ನೇರ ಕೆಳಗಿದ್ದದ್ದು ಕೌಂಟರಿನ ಸುಧಾಮಣಿ. ಅವಳಿಗೆ ಕೆಮ್ಮು ಹತ್ತಿತು.

"ವೆಂಕಟಣ್ಣ, ನೀವು ಮೇಲಿದ್ದಾಗ ಹಿಂಗಿರ್ಲಿಲ್ಲ. ಏನಾಗಿದೆ ಅದಕ್ಕೆ?"

"ನಂಗೇನ್ ಗೊತ್ತಮ್ಮ. ಅದು ಓದಿರೋ ಮಿಷಿನ್ನು."

ಹೀಗೆ ಮೂರು ತಿಂಗಳು. ಕೊನೆಗೆ ಅವಳು ಎದೆ ಹಿಡಿದುಕೊಂಡು ಮನೆಯಲ್ಲಿ ಮಲಗಿದ ವಾರ ವೆಂಕಟಸ್ವಾಮಿ ಗಲ್ಲಾದ ಮುಂದೆ ನಿಂತ.

"ಯಜಮಾನ್ರೇ, ದೀಪದ ಕಾವು ಸೆನ್ಸರಿಗೆ ಹೊಡೀತಿದೆ. ಅದಕ್ಕೇ ಮಿಷಿನ್ ನಿಲ್ತಿಲ್ಲ. ಎರಡು ಮಾರು ಆಚೆ ಹಾಕ್ಸಿ."

ಮರುಳಸಿದ್ದಪ್ಪನವರ ಕಣ್ಣು ತುಂಬಿತು. "ಅಂದ್ರೆ ಈ ತಂಪೆಲ್ಲ ನಮ್ಮ ದೀಪದ್ದು!"

"ಅಲ್ಲ ಯಜಮಾನ್ರೇ, ಅದು ಸುಳ್ಳು ವರದಿ..."

"ಸುಮ್ನಿರೋ! ವ್ಯಾಪಾರ ಹೆಂಗೆ ಏರ್ತು ಅಂತ ಈಗ ತಿಳೀತು. ಕಿರಣ, ಕೇಳಿದ್ಯೇನೋ? ಅವ್ವನ ದೀಪ ಕಣೋ!"

ಶಿವಕಿರಣ್ ಕೇಳಿದ್ದು ಬೇರೆ. "ಯಾವಾಗಿಂದ ಗೊತ್ತಿತ್ತು ನಿಂಗೆ?"

"ಮೊದಲ್ನೇ ದಿನದಿಂದ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

ವೆಂಕಟಸ್ವಾಮಿ ಗಾಜಿನ ಬಾಗಿಲಿಗೆ ವಾಪಸ್ಸು ಹೋದ. ಅವನಿಗೆ ಮೊದಲೇ ಗೊತ್ತಿತ್ತೆಂಬ ಮಾತು ಕೌಂಟರಿನಿಂದ ಕೌಂಟರಿಗೆ ಹೋಗಿ, ಸಂಜೆಯೊಳಗೆ ಫೋನಿನಲ್ಲಿ ಸುಧಾಮಣಿಯ ಹಾಸಿಗೆಗೂ ತಲುಪಿತು.

ಸೆನ್ಸರ್ ಕದಲಲಿಲ್ಲ. ಇಷ್ಟು ಸೂಕ್ಷ್ಮ ಬಲ್ಲವನೆಂದು ದೀಪಕ್ಕೆ ಎಣ್ಣೆ ಹಾಕುವ ಅಧಿಕಾರವನ್ನು ಮರುಳಸಿದ್ದಪ್ಪನವರು ವೆಂಕಟಸ್ವಾಮಿಗೇ ವಹಿಸಿದರು. ಬಾಗಿಲ ಕೆಲಸವೂ ಇತ್ತು.

ಸುಧಾಮಣಿ ವಾಪಸ್ಸು ಬಂದ ದಿನ ಅವನು ಎಣ್ಣೆ ಕಡಿಮೆ ಹಾಕಿ, ಬತ್ತಿಯನ್ನು ಒಳಗೆಳೆದು ಜ್ವಾಲೆಯನ್ನು ಜೋಳದ ಕಾಳಿನಷ್ಟು ಮಾಡಿದ. ಸೆನ್ಸರಿನ ಅಂಕಿ ಒಂದೊಂದಾಗಿ ಇಳಿಯಿತು. ತಿಂಗಳುಗಳ ನಂತರ ಮೊದಲ ಸಲ ತಾರಸಿಯ ಯಂತ್ರದ ಗುಡುಗು ನಿಂತು, ಸೀರೆ ಮಡಚುವ ಸದ್ದು ಕೇಳಿಸಿತು. ಸುಧಾಮಣಿ ಸ್ವೆಟರ್ ಬಿಚ್ಚಿದಳು. ವಾಯುದೇವರ ರಾಜ್ಯ ಮರಳಿ ಬಂತು. ಅದು ಅರ್ಧ ಗಂಟೆ ಬಾಳಿತು.

ಒಬ್ಬಾಕೆ ಪಾಂಪ್ಲೆಟ್ಟಿನಿಂದ ಗಾಳಿ ಬೀಸಿಕೊಂಡದ್ದು ಶಿವಕಿರಣನ ಕಣ್ಣಿಗೆ ಬಿತ್ತು. ಅವನು ದೀಪದ ಬಳಿ ಬಂದು ಬಗ್ಗಿ ನೋಡಿದ.

"ಎಣ್ಣೆ ಎಲ್ಲಪ್ಪಾ? ದೇವರ ಎಣ್ಣೆನೂ ಮನೆಗೆ ಸಾಗಿಸ್ತಿದ್ದೀಯಾ?"

ಅಂಗಡಿಯಲ್ಲಿ ಮೂವತ್ತು ಜನರಿದ್ದರು. ಸುಧಾಮಣಿಗೆ ಚಳಿಯಾಗುತ್ತದೆಂದು ಇಳಿಸಿದೆ ಎನ್ನಬಹುದಿತ್ತು; ಮೂರು ತಿಂಗಳು ಆಗದ ಚಳಿ ಇವತ್ತೇ ಆಯಿತೇ ಎಂದು ಯಾರಾದರೂ ಕೇಳುತ್ತಿದ್ದರು. ವೆಂಕಟಸ್ವಾಮಿ ಎಣ್ಣೆ ಸುರಿದು ಬತ್ತಿ ಎತ್ತಿದ. ತಲೆಯ ಮೇಲೆ ಯಂತ್ರ ಗುಡುಗಿತು. ಸುಧಾಮಣಿ ಸ್ವೆಟರ್ ತೊಟ್ಟು, ಒಂದೊಂದೇ ಗುಂಡಿ ಹಾಕಿಕೊಂಡಳು. ಅವನತ್ತ ತಿರುಗಲಿಲ್ಲ.